ಬೂಟು ಕಟ್ಟಿಕೊಂಡು ಕೂತವನು

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಕೆಂಪು ಚೀಲ ನಿಂತಿದೆ. ರ‍್ಯಾಕೆಟ್‌ಗಳನ್ನು ಇಡುವ ಉದ್ದನೆಯ ಚೀಲ. ಗೋಡೆಗೆ ಒರಗಿಸಿದರೆ ಯಾರೋ ನೆಂಟರು ಬಂದು, ಒಳಗೆ ಕರೆಯಲಿ ಎಂದು ಕಾಯುತ್ತಿರುವ ಹಾಗೆ ಕಾಣುತ್ತದೆ. ಪಾರ್ಸೆಲ್ ತರುವ ಹುಡುಗಿ ಅದನ್ನು ನೋಡಿ ‘ಟೆನಿಸಾ?’ ಎಂದು ಕೇಳುತ್ತಾಳೆ. ನಾನು ಹೌದೆನ್ನುತ್ತೇನೆ. ಅದರೊಳಗೆ ಈಗ ಇರುವುದು ನನ್ನ ಹೆಂಡತಿ ಸುನಂದಾಳ ಹತ್ತಿ ನೈಟಿಗಳು, ಒಂದು ಶಾಲು, ಹಲ್ಲುಜ್ಜುವ ಬ್ರಷ್ಷು, ಫೋನಿನ ಚಾರ್ಜರು ಮತ್ತು ಅವಳ ಅವ್ವ ಹುಬ್ಬಳ್ಳಿಯಿಂದ ಕಳಿಸಿದ ಕುಂಕುಮದ ಪುಟ್ಟ ಡಬ್ಬಿ. ಇಷ್ಟಕ್ಕೆ ಒಂದು ಸಣ್ಣ ಸೂಟ್‌ಕೇಸು ಸಾಕಿತ್ತು. ಆದರೆ ಕರೆದ ಕೂಡಲೇ ಎತ್ತಿಕೊಂಡು ಓಡುವ ಚೀಲ ಎಂದರೆ ನನ್ನ ಭುಜಕ್ಕೆ ಗೊತ್ತಿರುವುದು ಅದೊಂದೇ.

ಸುನಂದಾಳ ಎರಡು ಕಿಡ್ನಿಗಳೂ ಕೆಲಸ ನಿಲ್ಲಿಸಿವೆ. ಒಂದು ದಿನ ಬಿಟ್ಟು ಒಂದು ದಿನ ಎನ್ನುವಂತೆ ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ರಕ್ತ ಸೋಸುವ ಯಂತ್ರಕ್ಕೆ ತೋಳೊಡ್ಡಿ ಕೂರುತ್ತಾಳೆ. ಈ ದೇಶದಲ್ಲಿ ಎಲ್ಲೋ ಯಾರೋ ಒಬ್ಬರು ಸತ್ತು, ಅವರ ಮನೆಯವರು ಒಪ್ಪಿ, ಅವರ ಕಿಡ್ನಿ ಇವಳ ದೇಹಕ್ಕೆ ಹೊಂದಿದರೆ ಆಕ್ಲೆಂಡಿನ ಆಸ್ಪತ್ರೆಯಿಂದ ಫೋನು ಬರುತ್ತದೆ. ಬಂದ ಕೂಡಲೇ ಹೊರಡಬೇಕು. ಅದಕ್ಕೇ ನಾನು ಬೆಳಿಗ್ಗೆ ಎದ್ದವನೇ ಬೂಟು ಹಾಕಿ, ಲೇಸನ್ನು ಬಿಗಿಯಾಗಿ ಕಟ್ಟಿ, ಫೋನನ್ನು ಊಟದ ಮೇಜಿನ ಮೇಲೆ ಅಂಗಾತ ಇಟ್ಟು ಕೂರುತ್ತೇನೆ. ಇದು ಅವಳಿಗೆ ಸೇರುವುದಿಲ್ಲ.

‘ಅಡಗಿ ಮನ್ಯಾಗೂ ಬೂಟಾ? ನಾ ಸಾಯೂತನಕ ಬಿಚ್ಚಂಗಿಲ್ಲೇನು ನೀವು?’

‘ಫೋನ್ ಬಂದ್ರೆ?’

‘ಬಂದ್ರ ಬೂಟ ಹಾಕ್ಕೊಳ್ಳಾಕ ಎಷ್ಟೊತ್ತು ಬೇಕ್ರೀ? ನೀವೇನು ಸೆಂಟರ್ ಕೋರ್ಟಿಗೆ ಹೊಂಟೀರೇನು?’

ಸೆಂಟರ್ ಕೋರ್ಟಿಗೆ, ಅಂದರೆ ಟೆನಿಸ್ ಪಂದ್ಯಾವಳಿಯ ಮುಖ್ಯ ಅಂಕಣಕ್ಕೆ, ನಾನು ಹೋದದ್ದು ಒಂದೇ ಸಲ. ಆ ಕಥೆಗೆ ಬರುತ್ತೇನೆ. ಅಥವಾ ಬರದೆಯೂ ಇರಬಹುದು. ನನ್ನ ನೆನಪುಗಳು ಈಚೆಗೆ ಹೇಳಿದ ಕಡೆ ತಿರುಗುತ್ತಿಲ್ಲ.

ನಾನು ವೃತ್ತಿಯಿಂದ ಟೆನಿಸ್ ಆಟಗಾರನಾಗಿದ್ದೆ. ನೀವು ನನ್ನ ಹೆಸರು ಕೇಳಿರಲಿಕ್ಕಿಲ್ಲ. ಕೇಳಿದ್ದರೆ ಬೇರೆ ಯಾರದ್ದೋ ಇರಬೇಕು. ಭಾರತದಿಂದ ಆಡಲು ಹೊರಟು, ಹೆಸರು ಮಾಡಿದ ನಾಲ್ಕಾರು ಜನರ ಹಿಂದೆ ಹೆಸರಿಲ್ಲದ ಒಂದು ದೊಡ್ಡ ಹಿಂಡು ಇರುತ್ತದೆ: ಎರಡನೇ ದರ್ಜೆಯ ರೈಲಿನಲ್ಲಿ ಊರೂರು ಸುತ್ತಿ, ಮುಖ್ಯ ಪಂದ್ಯಾವಳಿಗೆ ಮೊದಲು ನಡೆಯುವ ಅರ್ಹತಾ ಸುತ್ತಿನಲ್ಲಿ ಸೋತು, ಮುಂದಿನ ಊರಿನ ರೈಲು ಹಿಡಿಯುವವರು. ನಾನು ಆ ಹಿಂಡಿನವನು. ಆ ಹಿಂಡಿಗೂ ಒಂದು ಕಿಂಡಿ ಉಂಟು. ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತವನು ಊರು ಬಿಟ್ಟು ಹೋಗಬೇಕಾಗಿಲ್ಲ. ರೆಫರಿಯ ಮೇಜಿನ ಹತ್ತಿರ ಹೋಗಿ ಸಹಿ ಹಾಕಿ, ಬೂಟು ಕಟ್ಟಿಕೊಂಡು ಕೂರಬಹುದು. ಮುಖ್ಯ ಪಂದ್ಯಾವಳಿಯ ಆಟಗಾರರಲ್ಲಿ ಯಾರಿಗಾದರೂ ಜ್ವರ ಬಂದರೆ, ಕಾಲು ಉಳುಕಿದರೆ, ವಾಂತಿಯಾದರೆ, ಅವನ ಜಾಗಕ್ಕೆ ಕೂತವರಲ್ಲಿ ಒಬ್ಬನನ್ನು ಕರೆಯುತ್ತಾರೆ. ಲಕ್ಕಿ ಲೂಸರ್ ಎಂದು ಅದರ ಹೆಸರು. ಕರೆದಾಗ ಎದುರಿಗಿರಬೇಕು, ಅಷ್ಟೆ. ಕೌಶಲ ಎಂದರೆ ಇರುವುದೇ.

ಇರುವುದರಲ್ಲಿ ನಾನು ಪಳಗಿದ್ದೆ. ಬೇಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗುವವರ ಮಂಡಿಗಳನ್ನು ನೋಡುತ್ತಿದ್ದೆ. ಯಾರು ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಾರೆ, ಯಾರು ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತುತ್ತಾರೆ, ಯಾರು ಬೆಳಗಿನ ತಿಂಡಿಗೆ ಬರಲಿಲ್ಲ. ಗೆಳೆಯನೊಬ್ಬನ ತೊಡೆಗೆ ಫಿಸಿಯೊ ಐಸ್ ಕಟ್ಟುವುದನ್ನು ಕಂಡರೆ ಹತ್ತಿರ ಹೋಗಿ ‘ಜೋರಾಗಿದೆಯೇನೋ?’ ಎಂದು ವಿಚಾರಿಸುತ್ತಿದ್ದೆ. ಆ ದನಿಯಲ್ಲಿ ಎಷ್ಟು ಕಾಳಜಿ ಇರುತ್ತಿತ್ತು ಎಂದರೆ ನನಗೇ ನಂಬಿಕೆ ಬರುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಷ್ಟು ಚೆನ್ನಾಗಿ ನೆನಪಿರುವುದನ್ನು ನಾನು ನಂಬುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಬಾಲ್ಯದ ಟೆನಿಸ್ ಎಂದರೆ ಒಂದು ವಾಸನೆ: ಮೈಸೂರಿನ ಕ್ಲಬ್ಬಿನ ಮಣ್ಣಿನ ಅಂಗಳ, ಹುತ್ತದ ಮಣ್ಣಿಗೆ ಸಗಣಿ ಸೇರಿಸಿ ಬಳಿದದ್ದು, ನಸುಕಿನಲ್ಲಿ ನೀರು ಚಿಮುಕಿಸಿದಾಗ ಏಳುವ ಹಬೆ, ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನ ತಣ್ಣನೆಯ ತೊಡೆಗಳು. ಈ ವಾಸನೆಯ ಬಗ್ಗೆ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿದವರ ಮೂಗು ಅರಳಿದ್ದನ್ನು ಕಂಡಿದ್ದೇನೆ. ಹೋದ ವರ್ಷ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ನಕ್ಕುಬಿಟ್ಟಳು.

‘ನಿಂಗೆಲ್ಲೋ ವಾಸನೆ? ಹತ್ತನೇ ಕ್ಲಾಸ್ ತನಕ ನಿಂಗೆ ಮೂಗು ಕಟ್ಕೊಂಡೇ ಇರ್ತಿತ್ತು. ಬಾಯಲ್ಲಿ ಉಸಿರಾಡ್ಕೊಂಡು ಓಡಾಡ್ತಿದ್ದೆ. ವಾಸನೆ ಚೆನ್ನಾಗಿದೆ ಅಂತಿದ್ದಿದ್ದು ನಿಮ್ಮಪ್ಪ.’

ಹೀಗೆ, ನನ್ನ ಅತ್ಯಂತ ಖಾಸಗಿ ನೆನಪು ಅಪ್ಪನ ಮೂಗಿನದು ಎಂದು ಗೊತ್ತಾಯಿತು. ಅಪ್ಪ ಈಗಿಲ್ಲ. ಕೇಳುವ ಹಾಗಿಲ್ಲ.

ಮತ್ತೊಂದು ನೆನಪು, ನಂಬಲು ಇನ್ನೂ ಕಷ್ಟವಾದದ್ದು. ಊರು ಇಂದೋರ್ ಇರಬೇಕು. ಎರಡು ದಿನ ರೆಫರಿಯ ಮೇಜಿನ ಪಕ್ಕ ಅಲ್ಲಾಡದೆ ಕೂತಿದ್ದೆ. ಮೂರನೆಯ ದಿನ ಮಧ್ಯಾಹ್ನ ಮನೆಗೆ ಫೋನು ಮಾಡಲು ರಸ್ತೆ ದಾಟಿ ಟೆಲಿಫೋನ್ ಬೂತಿಗೆ ಹೋದೆ. ಅಪ್ಪ ಎತ್ತಿದರು. ‘ಏನಾಯ್ತು?’ ‘ಕಾಯ್ತಾ ಇದ್ದೀನಿ.’ ‘ಎಲ್ಲಿ?’ ‘ಬೂತಲ್ಲಿ.’ ಅಪ್ಪ ಸಿಟ್ಟಿನಿಂದ ಫೋನು ಇಟ್ಟರು. ನಾನು ಹಿಂತಿರುಗುವಷ್ಟರಲ್ಲಿ ಪುಣೆಯ ಹುಡುಗನೊಬ್ಬ ನನ್ನ ಜಾಗದಲ್ಲಿ ಅಂಕಣಕ್ಕಿಳಿದಿದ್ದ. ಆ ಪುಣೆಯವನು ಈಚೆಗೆ ಸಿಕ್ಕಾಗ ಬೇರೆಯೇ ಹೇಳಿದ: ‘ನೀನು ಅಲ್ಲೇ ಇದ್ದೆಯಲ್ಲೋ. ನನ್ನ ರ‍್ಯಾಂಕಿಂಗ್ ನಿನಗಿಂತ ಮೇಲಿತ್ತು, ನನ್ನನ್ನು ಕರೆದರು.’ ಅವನ ಮಾತೇ ನಿಜವಿರಬೇಕು. ಆದರೆ ಅವನ ಮಾತಿನಲ್ಲಿ ನನಗೆ ಜಾಗವಿಲ್ಲ. ಬೂತಿನ ಕಥೆಯಲ್ಲಿ ಕೊನೆಯ ಪಕ್ಷ ನಾನು ಅವಕಾಶ ತಪ್ಪಿಸಿಕೊಂಡವನು; ಇದರಲ್ಲಿ ಬರೀ ಕೂತವನು.

ಸೆಂಟರ್ ಕೋರ್ಟಿನ ಕಥೆ ಕೂಡ ಹೀಗೇ. ಒಮ್ಮೆ ನಿಜಕ್ಕೂ ಕರೆದರು. ಯಾವನೋ ಸ್ಪೇನ್ ದೇಶದವನಿಗೆ ಹೊಟ್ಟೆ ಕೆಟ್ಟಿತ್ತು. ನಾನು ಓಡಿದೆ. ಸ್ಕೋರು ತೋರಿಸುವ ಹಲಗೆಯ ಮೇಲೆ ಆ ಸ್ಪೇನಿನವನ ಹೆಸರನ್ನು ಬದಲಾಯಿಸಲು ಯಾರಿಗೂ ಪುರಸತ್ತಿರಲಿಲ್ಲ. ಜನ ಅವನ ಹೆಸರು ಕೂಗಿ ನನ್ನನ್ನು ಹುರಿದುಂಬಿಸಿದರು. ಬೇಗ ಸೋತೆ. ಮರುದಿನದ ಪತ್ರಿಕೆಯಲ್ಲಿ ನನ್ನ ಫೋಟೊ, ಅವನ ಹೆಸರು. ನನ್ನ ಬದುಕಿನ ಅತಿ ದೊಡ್ಡ ಪಂದ್ಯವನ್ನು ಸೋತವನು ಆ ಹೊತ್ತಿನಲ್ಲಿ ಹೋಟೆಲಿನ ಬಚ್ಚಲಲ್ಲಿದ್ದ.

ಈಗ ನೀವು ತಲೆದೂಗುತ್ತೀರಿ: ಆಹಾ, ಅಂದು ಹಾಗೆ ಕಾದವನು ಇಂದು ಹೀಗೆ ಕಾಯುತ್ತಿದ್ದಾನೆ ಎಂದು. ನನ್ನ ಅನುಮಾನವೂ ಅದೇ. ಸುನಂದಾಳಿಗೆ ಕಾಯಿಲೆ ಬರುವ ಮುಂಚೆ ನಾನು ಟೆನಿಸ್ ಕಥೆ ಹೇಳಿದಾಗಲೆಲ್ಲ ನನ್ನ ಫೋರ್‌ಹ್ಯಾಂಡ್ ಹೊಡೆತದ ಕಥೆ ಹೇಳುತ್ತಿದ್ದೆ. ಕಾದ ಕಥೆ ಒಂದನ್ನೂ ಹೇಳಿದ ನೆನಪಿಲ್ಲ. ಅವೆಲ್ಲ ಎಲ್ಲಿದ್ದವು? ನನ್ನ ತಲೆ ಇಂದಿನ ಅಳತೆ ಕೊಟ್ಟು ಹಿಂದಿನದನ್ನು ಹೊಲಿಸುತ್ತಿರಬೇಕು. ಹೊಲಿಗೆ ಚೆನ್ನಾಗಿ ಕೂತಿದೆ. ಅದಕ್ಕೇ ಭಯ.

ಅನುಮಾನಕ್ಕೆ ಎಡೆಯಿಲ್ಲದ ಸಂಗತಿ ಒಂದಿದೆ, ಅದು ನೆನಪಿನಲ್ಲಲ್ಲ, ನನ್ನ ರಕ್ತದಲ್ಲಿದೆ. ನನ್ನ ಬಲಭುಜ ಇಪ್ಪತ್ತರ ಹರೆಯದಲ್ಲೇ ಹೋಗಿತ್ತು. ನೋವಿನ ಗುಳಿಗೆಗಳನ್ನು ನಾವೆಲ್ಲ ಪೆಪ್ಪರ್‌ಮಿಂಟಿನಂತೆ ಹಂಚಿಕೊಂಡು ತಿನ್ನುತ್ತಿದ್ದೆವು. ಪಂದ್ಯಕ್ಕೆ ಮೊದಲೊಂದು, ಆಮೇಲೊಂದು, ಕಾಯುವ ದಿನಗಳಲ್ಲೂ ಒಂದು, ಕರೆದರೆ ಬೇಕಾಗುತ್ತದಲ್ಲ ಎಂದು. ಆಟ ಬಿಟ್ಟು, ಹ್ಯಾಮಿಲ್ಟನ್ನಿನ ಕ್ಲಬ್ಬಿಗೆ ಒಂದು ಬೇಸಿಗೆ ಕೋಚ್ ಆಗಿ ಬಂದು, ಹಾಗೇ ಉಳಿದು, ಗ್ಯಾರೇಜಿನಲ್ಲಿ ಊರವರ ರ‍್ಯಾಕೆಟ್‌ಗಳಿಗೆ ತಂತಿ ಬಿಗಿಯುವ ಈ ಕಾಲದವರೆಗೂ ತಿಂದೆ. ಸುನಂದಾಳಿಗೆ ನನ್ನ ಕಿಡ್ನಿ ಕೊಡುತ್ತೇನೆ ಎಂದು ಎದೆಯುಬ್ಬಿಸಿಕೊಂಡು ಹೋದಾಗ ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇಷ್ಟು ವರ್ಷ ಈ ಗುಳಿಗೆ ತಿಂದಿದ್ದೀರಲ್ಲ, ಕಿಡ್ನಿಯಲ್ಲಿ ಉಳಿದಿರುವ ಶಕ್ತಿ ನಿಮಗೆ ಸಾಕಾಗುತ್ತದೆ, ಹಂಚಿಕೊಳ್ಳುವಷ್ಟಿಲ್ಲ ಎಂದರು.

ಇಬ್ಬರೂ ಕಾರು ಹತ್ತಿದೆವು. ಸುನಂದಾ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: ‘ಹೋಗ್ಲಿ ಬಿಡ್ರಿ. ನಿಮ್ಮ ಕಿಡ್ನಿ ಹಾಕಿದ್ರ ಅದೂ ಮೊದಲ್ನೇ ರೌಂಡಿನ್ಯಾಗ ಸೋತು ಹೊರಗ ಬರ್ತಿತ್ತು.’

ವೆಲ್ಲಿಂಗ್ಟನ್ನಿನಲ್ಲಿ ಓದುತ್ತಿರುವ ಮಗಳು ನಿಧಿ ತನ್ನದನ್ನು ಕೊಡುತ್ತೇನೆ ಎಂದಳು. ಸುನಂದಾ ಆ ಮಾತನ್ನು ಎತ್ತಗೊಡಲಿಲ್ಲ. ‘ಕೊಟ್ಟದ್ದನ್ನ ಹೊಳ್ಳಿ ಇಸ್ಕೊಳ್ಳೂ ಪದ್ಧತಿ ನಮ್ಮ ಮನ್ಯಾಗಿಲ್ಲ’ ಎಂದು ಫೋನು ಇಟ್ಟುಬಿಟ್ಟಳು. ಈ ಚಳಿಗಾಲದಲ್ಲಿ ಅವಳ ಹೃದಯವೂ ಸೊರಗತೊಡಗಿತು. ಇನ್ನಷ್ಟು ಸೊರಗಿದರೆ ಅವಳು ಆಪರೇಷನ್ ತಡೆಯುವುದಿಲ್ಲ, ಆಗ ಕಾಯುವವರ ಸಾಲಿನಿಂದಲೇ ಹೆಸರು ತೆಗೆಯುತ್ತಾರೆ. ಕಾಯಲೂ ಒಂದು ಆರೋಗ್ಯ ಬೇಕು ಎಂದು ನನಗೆ ಗೊತ್ತಿರಲಿಲ್ಲ.

ಆಕ್ಲೆಂಡಿನ ಮನುಕಾವ್‌ನಲ್ಲಿ ನಮ್ಮವರ ದೀಪಾವಳಿ ಊಟಕ್ಕೆ ಹೋದಾಗ ಒಬ್ಬರು ಅಂಕಲ್ ಪ್ರತಿ ವರ್ಷ ನನ್ನನ್ನು ಹೊಸಬರಿಗೆ ಪರಿಚಯಿಸುತ್ತಾರೆ.

‘ಇವ್ರು ನಮ್ಮ ಟೆನಿಸ್ ಸ್ಟಾರು! ಇಂಟರ್‌ನ್ಯಾಷನಲ್!’

‘ಹೌದಾ ಸರ್? ಯಾರ್ ಯಾರನ್ನ ಸೋಲ್ಸಿದೀರಾ?’

‘ಯಾರನ್ನೂ ಇಲ್ಲ. ನಾನು ಅವರಿಗೆ ಹುಷಾರಿಲ್ಲದಾಗ ಆಡ್ತಿದ್ದೆ.’

ಅವರು ಜೋರಾಗಿ ನಗುತ್ತಾರೆ. ವಿನಯ ಎಂದುಕೊಳ್ಳುತ್ತಾರೆ. ಅದೇ ಅಂಕಲ್ ಈ ಸಲ ಸುನಂದಾಳ ಎಲೆಗೆ ರಸಾಯನ ಬಡಿಸಲು ಬಂದರು. ‘ಬಾಳೇಹಣ್ಣು ನನಗ ವಿಷ ರೀ’ ಎಂದು ಅವಳು ಕೈ ಅಡ್ಡ ಹಿಡಿದಳು. ಕಿಡ್ನಿ ಕೆಟ್ಟವರಿಗೆ ಬಾಳೆಹಣ್ಣು ಆಗದು. ಆಟಗಾರನಿಗೆ ಅದು ಅನ್ನ. ಅರ್ಧ ಬದುಕು ನಾನು ಬಾಳೆಹಣ್ಣಿನ ಮೇಲೆ ಕಳೆದವನು. ಈಗ ಮನೆಯೊಳಗೆ ತರುವುದಿಲ್ಲ. ತಿನ್ನಬೇಕೆನಿಸಿದರೆ ಗ್ಯಾರೇಜಿನಲ್ಲಿ, ತಂತಿಯ ಯಂತ್ರದ ಹಿಂದೆ ನಿಂತು, ಹೊಸದಾಗಿ ಸಿಗರೇಟು ಕಲಿತ ಹುಡುಗನ ಹಾಗೆ ತಿನ್ನುತ್ತೇನೆ.

ಫೋನು ಬಂದಾಗ ನಾನು ಅಲ್ಲೇ ಇದ್ದೆ. ಅಷ್ಟು ದಿನ ಮೇಜು ಬಿಟ್ಟು ಕದಲದವನು, ಬಾಯಲ್ಲಿ ಬಾಳೆಹಣ್ಣು. ಸುನಂದಾ ಎತ್ತಿಕೊಂಡು, ಮಾತಾಡುತ್ತಲೇ ಗ್ಯಾರೇಜಿನ ಬಾಗಿಲಿಗೆ ಬಂದು, ಫೋನಿನ ಬಾಯನ್ನು ಅಂಗೈಯಿಂದ ಮುಚ್ಚಿದಳು.

‘ರೀ, ಎರಡನೇ ನಂಬರಂತ. ಮೊದಲ್ನೇದವರಿಗೆ ಹೊಂದಲಿಲ್ಲಂದ್ರ ನನಗಂತ. ಹೋಗೂದೇನು?’

ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕೂರೋಣವೇ ಎಂದು ಕೇಳುವ ಹಾಗೆ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಚೀಲ ಭುಜದ ಮೇಲಿತ್ತು. ಸಿಪ್ಪೆ ಕೈಯಲ್ಲೇ ಇತ್ತು.

ಆಕ್ಲೆಂಡಿನ ಹೆದ್ದಾರಿ ಹಿಡಿದೆವು. ಆಪರೇಷನ್ ಆಗಬಹುದೆಂದು ಅವಳು ಏನೂ ತಿನ್ನುವ ಹಾಗಿರಲಿಲ್ಲ. ಬಾಂಬೆ ಎಂಬ ಹೆಸರಿನ ಗುಡ್ಡ ದಾಟುವಾಗ, ‘ಯಾರು ಸತ್ತಿರಬೇಕ್ರೀ?’ ಎಂದಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಾನು ಯೋಚಿಸುತ್ತಿದ್ದುದು ಮೊದಲನೆಯವರ ಬಗ್ಗೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಒಂದು ಕೋಣೆಯಲ್ಲಿ ಕೂರಿಸಿದರು. ಎದುರಿಗೆ ಭಾರೀ ಮೈಕಟ್ಟಿನ ಒಬ್ಬ ಮನುಷ್ಯ, ಪಕ್ಕದಲ್ಲಿ ಅವನ ಹೆಂಡತಿ, ಅವಳ ತೊಡೆಯ ಮೇಲೆ ತಿಂಡಿಯ ಡಬ್ಬಿ. ಅವನೇ ಮೊದಲನೆಯವನು ಎಂದು ಯಾರೂ ಹೇಳಲಿಲ್ಲ. ಆದರೆ ಅವನ ತೋಳಿನಲ್ಲಿ ಸುನಂದಾಳ ತೋಳಿನಲ್ಲಿರುವಂಥದೇ ಉಬ್ಬಿದ ನರ, ಯಂತ್ರದ ಸೂಜಿಗೆಂದು ಡಾಕ್ಟರುಗಳು ಮಾಡಿಕೊಟ್ಟದ್ದು. ಅವನೂ ಇವಳ ತೋಳು ನೋಡಿದ. ನೋಡಿ, ನೆಲ ನೋಡಿದ. ಹೆಂಡತಿ ಮಾತ್ರ ನಗುತ್ತ, ‘ಲಾಂಗ್ ಡ್ರೈವ್, ಲವ್?’ ಎಂದು ಸುನಂದಾಳನ್ನು ಮಾತಾಡಿಸಿದಳು. ಅವನ ಹೆಸರು ಗ್ರೇಮ್ ಎಂದಳು. ಹಸು ಸಾಕುವವರಂತೆ, ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದರಂತೆ.

ನಾನು ಗ್ರೇಮ್‌ನನ್ನು ನೋಡತೊಡಗಿದೆ. ಕುರ್ಚಿಯಿಂದ ಏಳುವಾಗ ಕೈಯೂರಿದ್ದು. ಕಣ್ಣಿನ ಕೆಳಗಿನ ಬಣ್ಣ. ಎಡಮಂಡಿ ಪೂರ್ತಿ ಮಡಚುತ್ತಿಲ್ಲ. ಮಂಡಿಯಿಂದ ಉಪಯೋಗವಿಲ್ಲ, ಬೇರೆ ಏನಾದರೂ ಬೇಕು. ಸುನಂದಾ ಚಹಾ ಕುಡಿದು ಬನ್ನಿ ಎಂದಳು, ನಾನು ಏಳಲಿಲ್ಲ. ಬಚ್ಚಲಿಗೂ ಹೋಗಲಿಲ್ಲ.

ಅವನು ಕೆಮ್ಮಿದ.

ಗಂಟಲಿನ ಕೆಮ್ಮಲ್ಲ, ಎದೆಯ ಆಳದಿಂದ ಬಂದದ್ದು. ನನ್ನ ಬೆನ್ನು ನೆಟ್ಟಗಾಯಿತು. ಕೈ ತಾನಾಗಿ ಬೂಟಿನ ಲೇಸಿಗೆ ಹೋಗಿ ಅದನ್ನು ಇನ್ನೊಂದು ಸಲ ಬಿಗಿಯಿತು. ಅಷ್ಟರಲ್ಲಿ ನಿಧಿಯ ಫೋನು.

‘ಎನಿ ನ್ಯೂಸ್, ಡ್ಯಾಡ್?’

ಎದುರಿಗಿದ್ದವರಿಗೆ ಅರ್ಥವಾಗುವುದಿಲ್ಲವೆಂಬ ಧೈರ್ಯದಿಂದ ನಾನು ಕನ್ನಡದಲ್ಲಿ, ಗಟ್ಟಿಯಾಗಿ, ‘ಮೊದಲನೆಯವನಿಗೆ ಕೆಮ್ಮು ಇದೆ ಕಣೆ’ ಎಂದೆ.

‘ಡ್ಯಾಡ್, ದಟ್ಸ್ ಆಫುಲ್’ ಎಂದಳು. ಆಮೇಲೆ ದನಿ ತಗ್ಗಿಸಿ, ‘ಹೌ ಬ್ಯಾಡ್ ಈಸ್ ಇಟ್?’ ಎಂದಳು.

ಕೆಮ್ಮನ್ನು ನರ್ಸು ಕೂಡ ಕೇಳಿಸಿಕೊಂಡಿದ್ದಳು. ಎದೆಯಲ್ಲಿ ಸೋಂಕಿದ್ದರೆ ಆಪರೇಷನ್ ಮಾಡುವುದಿಲ್ಲ. ಡಾಕ್ಟರು ಬಂದು ಅವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು, ಒಳಗೆ ಕರೆದುಕೊಂಡು ಹೋದರು. ಅವನ ಹೆಂಡತಿ ಡಬ್ಬಿಯ ಮುಚ್ಚಳ ತೆಗೆಯುತ್ತ ಮುಚ್ಚುತ್ತ ಕೂತಳು. ನಾನು ಪ್ರಾರ್ಥಿಸಿದೆ. ಏನನ್ನು ಎಂದು ಬರೆಯುವುದಿಲ್ಲ, ನಿಮಗೆ ಗೊತ್ತಿದೆ.

ಮಧ್ಯಾಹ್ನ ನರ್ಸು ಬಂದು ಸುನಂದಾಳ ಮುಂದೆ ಮಂಡಿಯೂರಿ ಕೂತು ಅವಳ ಕೈ ಹಿಡಿದುಕೊಂಡಾಗಲೇ ತಿಳಿಯಿತು. ಒಳ್ಳೆಯ ಸುದ್ದಿಯನ್ನು ಯಾರೂ ಮಂಡಿಯೂರಿ ಹೇಳುವುದಿಲ್ಲ. ಅವನ ಎದೆ ಶುದ್ಧವಾಗಿತ್ತು. ರಕ್ತ ಹೊಂದಿತ್ತು.

ಅವನನ್ನು ಮಂಚದ ಮೇಲೆ ತಳ್ಳಿಕೊಂಡು ನಮ್ಮ ಮುಂದೆಯೇ ಹೋದರು. ನಾನು ಎದ್ದು, ಮಂಚದ ಕಂಬಿಯ ಮೇಲಿಂದ ಕೈ ಚಾಚಿ, ‘ಗುಡ್ ಲಕ್, ಮೇಟ್’ ಎಂದೆ. ಸೋತ ಮೇಲೆ ನೆಟ್ಟಿನ ಮೇಲಿಂದ ಕೈ ಕುಲುಕಿ ಅಭ್ಯಾಸವಿರುವ ಕೈ ಅದು, ಕಣ್ಣು ನೋಡದೆ ಕುಲುಕುತ್ತದೆ. ಅವನು ನನ್ನ ಕೈಯನ್ನು ಬಿಡಲೇ ಇಲ್ಲ. ‘ಸಾರಿ’ ಎಂದ. ಅವನ ಹೆಂಡತಿ ಡಬ್ಬಿಯನ್ನು ಸುನಂದಾಳ ಕೈಗಿಟ್ಟು, ಅವಳನ್ನು ತಬ್ಬಿಕೊಂಡು, ಮಂಚದ ಹಿಂದೆ ಓಡಿದಳು.

ಡಬ್ಬಿಯಲ್ಲಿದ್ದುದು ಬೆಣ್ಣೆ ಹಚ್ಚಿದ ಸ್ಕೋನ್, ಅಂದರೆ ಇಲ್ಲಿಯವರು ಮನೆಯಲ್ಲಿ ಮಾಡುವ ದಪ್ಪ ಬನ್ನು. ಕಾರು ಹೊರಟ ಮೇಲೆ ಸುನಂದಾ ಒಂದನ್ನು ಮುರಿದಳು.

‘ಖಜೂರ ಐತಿ ಇದರಾಗ.’

‘ತಿನ್ಬೇಡ. ಬಾಳೆಹಣ್ಣಿನ ಹಾಗೇ ಅದೂ ನಿಂಗೆ ಆಗಲ್ಲ.’

‘ಇವತ್ತೊಂದಿನ ಸುಮ್ನಿರ್ರಿ.’

ನಿಧಾನವಾಗಿ ತಿಂದಳು. ಒಂದು ಮುಗಿಸಿ ಇನ್ನೊಂದನ್ನು ತೆಗೆದುಕೊಂಡಳು. ಗುಡ್ಡ ಮತ್ತೆ ಬಂತು. ಆಕ್ಲೆಂಡಿನ ಮಳೆ ಗುಡ್ಡದ ಆಚೆಗೇ ನಿಂತು, ಈಚೆಗೆ ಒಣ ಬಿಸಿಲು ಬಿದ್ದಿತ್ತು.

‘ರೀ, ಆ ಮನಶ್ಯಾ ಕೆಮ್ಮಿದಾಗ ನೀವು ಏನ ಅಂದ್ಕೊಂಡ್ರಿ?’

‘ಏನಿಲ್ಲ. ಯಾಕೆ?’

ಅವಳು ಮಡಿಲಿಗೆ ಬಿದ್ದ ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದಳು.

‘ನಾನೂ ಅದನ್ನ ಅಂದ್ಕೊಂಡೆ’ ಎಂದಳು.

ಅಷ್ಟೇ ಹೇಳಿ ಡಬ್ಬಿಯ ಮುಚ್ಚಳ ಹಾಕಿದಳು. ಇದೊಂದನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಎಂದು ನಂಬುತ್ತೇನೆ. ಮುಂದೊಂದು ದಿನ ಅವಳು ಅತ್ತಳು ಎಂದೋ, ದೇವರು ಅವನಿಗೆ ಒಳ್ಳೆಯದು ಮಾಡಲಿ ಎಂದು ಹರಸಿದಳು ಎಂದೋ ನಾನು ಹೇಳಿದರೆ ನಂಬಬೇಡಿ.

ಒಳಗೆ ಬಂದು ಕೆಂಪು ಚೀಲವನ್ನು ಬಾಗಿಲ ಹಿಂದೆ ನಿಲ್ಲಿಸಿದೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟೆ. ಸುನಂದಾ ಸೋಫಾದ ಅಂಚಿನಲ್ಲಿ, ಈಗಲೇ ಎದ್ದು ಹೋಗುವವಳಂತೆ ಕೂತಿದ್ದಳು. ಮನೆಯೊಳಗೆ ಚಪ್ಪಲಿಯ ಧೂಳು ಬಿದ್ದರೂ ಸಹಿಸದವಳು, ಬೂಟು ಹಾಕಿಕೊಂಡೇ. ಸಂಜೆಗೆ ಅವಳ ಪಾದಗಳು ಊದಿಕೊಳ್ಳುತ್ತವೆ. ಲೇಸು ಚರ್ಮದೊಳಗೆ ಹೂತಿತ್ತು. ನಾನು ನೆಲದ ಮೇಲೆ ಕೂತು ಗಂಟು ಬಿಚ್ಚಲು ಕೈ ಹಾಕಿದೆ.

ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

‘ಇರ್ಲಿ ಬಿಡ್ರಿ’ ಎಂದಳು, ಫೋನಿನ ಕಡೆ ನೋಡುತ್ತ.